ಮರೆವಿಗೂ ಒಂದು ಮಾನ

ಮರೆವಿನ ಬಗ್ಗೆ ನಮ್ಮ ಮಿಶ್ರಿಕೋಟಿಯಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯವಿಲ್ಲ. ಸಾಲ ಮರೆತವನನ್ನು ಕಳ್ಳ ಅನ್ನುತ್ತಾರೆ. ಉಪಕಾರ ಮರೆತವನನ್ನು ಉಂಡ ಮನೆಯ ಜಂತಿ ಎಣಿಸುವವನು ಅನ್ನುತ್ತಾರೆ. ಸಂತೆಗೆ ಹೋಗಿ ಗುರೆಳ್ಳು ಮರೆತು ಬಂದವನಿಗೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ, ಸುಮ್ಮನೆ ಒಂದು ಸಲ ನೋಡುತ್ತಾರೆ. ಆ ನೋಟ ಮೊದಲಿನ ಎರಡು ಬೈಗುಳಕ್ಕಿಂತ ಭಾರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನನ್ನ ಪಾಲಿಗೆ ಈಗ ಹೆಚ್ಚಾಗಿ ಬರುವುದು ಈ ಮೂರನೆಯದೇ.

ಮರೆವಿಗೆ ಮದ್ದು ಹೇಳುವವರಿಗೆ ಮಾತ್ರ ಮರೆವಿಲ್ಲ. ಒಬ್ಬರು ಒಂದೆಲಗದ ಚಟ್ನಿ ತಿನ್ನು ಎಂದರೆ ಇನ್ನೊಬ್ಬರು ಬಾದಾಮಿ ನೆನೆಹಾಕು ಎನ್ನುತ್ತಾರೆ. ಎದುರುಮನೆಯ ಅಜ್ಜ ದಿನಾ ಸಂಜೆ ಇಸ್ಪೀಟು ಆಡಿದರೆ ತಲೆ ಚುರುಕಾಗುತ್ತದೆ ಎಂದು ಹೇಳಿ ನನ್ನನ್ನು ಕರೆದೊಯ್ದು ಗೆದ್ದು ಕಳಿಸುತ್ತಾನೆ. ಪಂಚಾಂಗ ಬಲ್ಲವರೊಬ್ಬರು ಜಾತಕ ನೋಡಿ, “ಮಾಸ್ತರ, ರಾಹು ಕೂತಾನ್ರಿ. ಒಂದು ಗೋಮೇದದ ಉಂಗುರ ಹಾಕ್ಕೊಳ್ರಿ” ಅಂದರು. ಉಂಗುರಕ್ಕಾಗುವಷ್ಟು ರೊಕ್ಕ ಎಲ್ಲಿಟ್ಟಿದ್ದೇನೆಂಬುದೇ ನೆನಪಾಗುತ್ತಿಲ್ಲ ಎಂದು ಹೇಳಿ ಪಾರಾದೆ. ಆ ಗೋಮೇದದ ಸುದ್ದಿಗೆ ಆಮೇಲೆ ಬರುತ್ತೇನೆ, ಮರೆಯದಿದ್ದರೆ.

ಹೀಗಿರುವಾಗ ನಮ್ಮ ಅಣ್ಣನ ಮಗ ದೀಪಾವಳಿಗೆ ಊರಿಗೆ ಬಂದ. ಬೆಂಗಳೂರಿನಲ್ಲಿ ಚಿಪ್ಪು ವಿನ್ಯಾಸ ಮಾಡುವ ಹುಡುಗ. ಹುಬ್ಬಳ್ಳಿ ಬಸ್ಸಿನಿಂದ ಇಳಿದು ಮನೆಗೆ ಬರುವಷ್ಟರಲ್ಲಿ ನಾಲ್ಕು ಮಂದಿಯಿಂದ ನನ್ನ ಮರೆವಿನ ವರದಿ ಕೇಳಿಕೊಂಡೇ ಬಂದಿದ್ದ. ಚಹಾ ಕುಡಿಯುತ್ತ, “ಕಾಕಾ, ನೀವು ಚಿಂತಿ ಮಾಡಬ್ಯಾಡ್ರಿ. ಈಗ ಮರೆಯೂ ಕಂಪ್ಯೂಟರ್ ಮಾಡಾಕತ್ತಾರ. ಮರೀದಿದ್ರ ಅದಕ್ಕ ವಿಚಾರ ಮಾಡಾಕ ಬರೂದಿಲ್ಲ” ಎಂದ. ಅಡಿಗೆಮನೆಯಿಂದ ಕೂಡಲೇ ಉತ್ತರ ಬಂತು: “ಹಂಗಾರ ನಿಮ್ಮ ಕಾಕಾನ್ನೂ ಒಯ್ದು ಅದರ ಬಾಜೂಕ ಇಟ್ಟು ಬಾರಪಾ.”

ನಾನು ಬಲ್ಲ ಕಂಪ್ಯೂಟರು ಮರೆಯುವ ಜಾತಿಯದ್ದಲ್ಲ. ಒಂದು ಕಚೇರಿಯಲ್ಲಿ, ಯಾವುದೆಂದು ಹೇಳುವುದಿಲ್ಲ, ನಮ್ಮ ಅಪ್ಪನ ಹೆಸರಿನ ಒಂದು ಒತ್ತಕ್ಷರವನ್ನು ಯಾರೋ ಬಿಟ್ಟು ಟೈಪು ಮಾಡಿದರು. ಟೈಪು ಮಾಡಿದವರು ಅದನ್ನು ಅಂದೇ ಮರೆತರು, ಅಪ್ಪ ತೀರಿಕೊಂಡರು, ಕಚೇರಿಯ ಬಣ್ಣ ಬದಲಾಯಿತು. ಯಂತ್ರ ಮಾತ್ರ ಒತ್ತಿಲ್ಲದ ಆ ಅಪ್ಪನನ್ನು ನಿಷ್ಠೆಯಿಂದ ಕಾಪಾಡಿಕೊಂಡು ಬಂದಿದೆ. ಅವನೂ ನಮ್ಮ ಅಪ್ಪನೂ ಒಬ್ಬನೇ ಎಂದು ಸಾಧಿಸಲು ನಾನು ಅಫಿಡವಿಟ್ಟು ಮಾಡಿಸಿ ತಿರುಗಿದ್ದೇನೆ. ಇಂಥದ್ದೊಂದು ಸ್ವಲ್ಪ ಮರೆತಿದ್ದರೆ ಯಾರ ಗಂಟು ಹೋಗುತ್ತಿತ್ತು?

ಹುಡುಗ ಹೇಳಿದ್ದು ನಾನು ಎಣಿಸಿದ ಅರ್ಥದಲ್ಲಲ್ಲ ಎಂಬುದು ಆಮೇಲೆ ತಿಳಿಯಿತು. ಅವನು ಬಿಟ್ಟುಹೋದ ಎರಡು ಮೂರು ಲೇಖನಗಳನ್ನು ಇಟ್ಟುಕೊಂಡು, ನಿವೃತ್ತನಿಗೆ ಇರುವ ಧಾರಾಳ ಹೊತ್ತಿನಲ್ಲಿ ಓದುತ್ತ ಹೋದೆ. ಓದಿದ್ದು ಮರೆಯುವ ಮುಂಚೆ ಬರೆದಿಡೋಣವೆಂದು ಈ ಪ್ರಬಂಧ.

ಇಂದಿನ ಕಂಪ್ಯೂಟರಿನ ಮನೆ ಕಟ್ಟಿದ ನಕ್ಷೆ 1945ರದ್ದು. ಜಾನ್ ಫಾನ್ ನಾಯ್ಮನ್ ಎಂಬ ಗಣಿತಜ್ಞನ ಹೆಸರಿನಲ್ಲಿ ಅದು ಪ್ರಸಿದ್ಧ. ಲೆಕ್ಕ ಮಾಡುವ ಕೋಣೆ ಒಂದು ಕಡೆ, ನೆನಪಿಡುವ ಉಗ್ರಾಣ ಇನ್ನೊಂದು ಕಡೆ. ಎರಡಕ್ಕೆ ಎರಡು ಕೂಡಿಸಬೇಕಾದರೂ ಉಗ್ರಾಣದಿಂದ ಎರಡನ್ನು ಹೊತ್ತು ತರಬೇಕು, ಕೂಡಿಸಬೇಕು, ನಾಲ್ಕನ್ನು ಮತ್ತೆ ಹೊತ್ತು ಹೋಗಿ ಇಡಬೇಕು. ಈ ಹೊರುವ ಕೆಲಸಕ್ಕೇ ಕೂಡಿಸುವ ಕೆಲಸಕ್ಕಿಂತ ಹೆಚ್ಚು ವಿದ್ಯುತ್ತು ಬೇಕು. ಹೊರುವವು ಎಲೆಕ್ಟ್ರಾನುಗಳು. ಅವು ತಂತಿಯಲ್ಲಿ ನುಗ್ಗುವಾಗ ಬಿಸಿ ಹುಟ್ಟುತ್ತದೆ. ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡವರಿಗೆ ಈ ಸಿದ್ಧಾಂತವನ್ನು ಬೇರೆ ವಿವರಿಸಬೇಕಾಗಿಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ಯಂತ್ರಗಳನ್ನು ತಣ್ಣಗಿಡುವುದಕ್ಕೇ ಈಗ ನೀರು, ಗಾಳಿ, ಕರೆಂಟು ಎಲ್ಲವೂ ಬೇಕು. ನಮ್ಮಲ್ಲಿ ಗೋವಿನಜೋಳಕ್ಕೆ ನೀರು ಬಿಡಲು ರಾತ್ರಿ ಎರಡು ಗಂಟೆಗೆ ಬರುವ ಕರೆಂಟಿಗಾಗಿ ಎದ್ದು ಕೂತವನು ಈ ಸುದ್ದಿ ಕೇಳಿದರೆ ಏನಂದಾನೋ, ಅದನ್ನು ಪತ್ರಿಕೆಯಲ್ಲಿ ಅಚ್ಚು ಮಾಡಲಾಗದು.

ಇತ್ತ ಮನುಷ್ಯನ ಮಿದುಳು ಇದೆ. ಸುಮಾರು 8,600 ಕೋಟಿ ನರಕೋಶಗಳು. ಖರ್ಚು ಸುಮಾರು 20 ವ್ಯಾಟ್. ಮೊದಲು ನಮ್ಮ ದನದ ಕೊಟ್ಟಿಗೆಯಲ್ಲಿ ಹಾಕುತ್ತಿದ್ದ 40 ವ್ಯಾಟಿನ ಬಲ್ಬಿನ ಅರ್ಧ. ಇಷ್ಟರಲ್ಲೇ ಅದು ಮುಖ ಗುರುತಿಸುತ್ತದೆ, ಮಾತು ಹುಟ್ಟಿಸುತ್ತದೆ, ಬೀಗರ ಮನೆಯಲ್ಲಿ ನಾಲ್ಕು ವರ್ಷದ ಹಿಂದೆ ಮಾವಿನಕಾಯಿ ಉಪ್ಪಿನಕಾಯಿ ಬಡಿಸಲಿಲ್ಲ ಎಂಬುದನ್ನೂ ಕಾಪಿಟ್ಟುಕೊಳ್ಳುತ್ತದೆ. ಅದರಲ್ಲಿ ಕೋಣೆ ಬೇರೆ ಉಗ್ರಾಣ ಬೇರೆ ಎಂಬುದಿಲ್ಲ. ನೆನಪಿರುವ ಜಾಗದಲ್ಲೇ ಲೆಕ್ಕ ನಡೆಯುತ್ತದೆ. ಇದನ್ನು ನೋಡಿ ಹೊಟ್ಟೆಕಿಚ್ಚುಪಟ್ಟು, 1980ರ ದಶಕದ ಕೊನೆಯಲ್ಲಿ ಅಮೆರಿಕದ ಕಾರ್ವರ್ ಮೀಡ್ ನರಮಂಡಲದ ಮಾದರಿಯಲ್ಲೇ ಚಿಪ್ಪು ಮಾಡೋಣ ಎಂದು ಹೊರಟರು. ಅಂಥವನ್ನು ನ್ಯೂರೋಮಾರ್ಫಿಕ್ ಎಂದು ಕರೆದವರೂ ಅವರೇ.

ನಮ್ಮ ನಾಡಿನಲ್ಲಿ ಈ ಕೆಲಸ ನಡೆದೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮವರು ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿ, ಶ್ರೀತೋಷ್ ಗೋಸ್ವಾಮಿ ಮತ್ತು ಸಂಗಡಿಗರು 2024ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಣುಪೊರೆಯ ವಿಷಯ ಬರೆದರು. ಸಾಮಾನ್ಯ ಚಿಪ್ಪಿನ ಒಂದು ಗುಂಡಿಗೆ ಹೌದು, ಅಲ್ಲ ಎಂಬ ಎರಡೇ ಸ್ಥಿತಿ. ಇವರ ಪೊರೆಗೆ 16,500 ಸ್ಥಿತಿಗಳು. ಹೌದು ಮತ್ತು ಅಲ್ಲಗಳ ನಡುವೆ ಇಷ್ಟು ಮೆಟ್ಟಿಲು ಇರಬಹುದೆಂಬುದು, ಹೆಣ್ಣು ನೋಡಲು ಹೋಗಿ “ತಿಳಿಸ್ತೇವ್ರಿ” ಎಂಬ ಉತ್ತರ ಪಡೆದು ಬಂದವರಿಗೆ ಹೊಸದೇನಲ್ಲ. ಆದರೆ ಅದನ್ನು ಒಂದು ಪೊರೆಯಲ್ಲಿ ಹಿಡಿದು ನಿಲ್ಲಿಸಿದ್ದು ದೊಡ್ಡ ಮಾತು. ಜೇಮ್ಸ್ ವೆಬ್ ದೂರದರ್ಶಕ ತೆಗೆದ ‘ಸೃಷ್ಟಿಯ ಸ್ತಂಭಗಳು’ ಎಂಬ ಆಕಾಶಚಿತ್ರವನ್ನು ಮೇಜಿನ ಮೇಲಿನ ಒಂದು ಕಂಪ್ಯೂಟರಿನಲ್ಲೇ ಮರುರಚಿಸಿ ತೋರಿಸಿದರು.

ಹುಡುಗ ಹೇಳಿದ ಮರೆಯುವ ಯಂತ್ರ ಮಾತ್ರ ಈ ಪೊರೆಯ ವಂಶದ್ದಲ್ಲ. ಅದು ಅಯಸ್ಕಾಂತದ ವಂಶ.

ಅಯಸ್ಕಾಂತವೆಂದರೆ ನನಗೆ ಹಳೆಯ ಸಲುಗೆ. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕೆಳಗೆ ಅಯಸ್ಕಾಂತ ಹಿಡಿದು, ಗೆರೆಗಳು ಮೂಡುವುದನ್ನು ತೋರಿಸಿದಾಗ ಹುಡುಗರು ಬಾಯಿ ತೆರೆದು ನೋಡುತ್ತಿದ್ದರು. ಮೂವತ್ತು ವರ್ಷದಲ್ಲಿ ನನ್ನ ಪಾಠಕ್ಕೆ ಬಾಯಿ ತೆರೆದದ್ದು ಆಕಳಿಕೆಗಲ್ಲದೆ ಬೇರೆ ಕಾರಣಕ್ಕೆ ಎಂದರೆ ಇದೊಂದೇ ಇರಬೇಕು. ಆದರೆ ಆ ತುಂಡಿನ ಒಳಗೆ ಏನು ನಡೆದಿದೆ ಎಂಬುದು ಹತ್ತನೆಯ ಇಯತ್ತೆಯ ಪುಸ್ತಕದಲ್ಲಿರಲಿಲ್ಲ. ಒಳಗೆ ಒಂದೊಂದು ಕಬ್ಬಿಣದ ಪರಮಾಣುವೂ ತಾನೇ ಒಂದು ಪುಟ್ಟ ಅಯಸ್ಕಾಂತ. ಅದರ ಎಲೆಕ್ಟ್ರಾನುಗಳಿಗೆ ಸ್ಪಿನ್ ಎಂಬ ಹುಟ್ಟುಗುಣವಿದೆ. ಅದರಿಂದ ಈ ಅಯಸ್ಕಾಂತತ್ವ. ಕೋಟಿ ಕೋಟಿ ಪರಮಾಣುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವೆ. ಒಂದನ್ನು ಕೊಂಚ ಓರೆ ಮಾಡಿದರೆ ಅದು ನೆಟ್ಟಗಾಗುವ ಬದಲು ನಿಂತಲ್ಲೇ ಓಲುತ್ತ ಸುತ್ತುತ್ತದೆ. ಅದರ ಓಲಾಟ ಪಕ್ಕದ್ದನ್ನು ಓರೆ ಮಾಡುತ್ತದೆ, ಅದು ಅದರ ಪಕ್ಕದ್ದನ್ನು. ಯಾವ ಪರಮಾಣುವೂ ಜಾಗ ಬಿಟ್ಟು ಕದಲುವುದಿಲ್ಲ, ಓಲಾಟ ಮಾತ್ರ ಮುಂದೆ ಮುಂದೆ ಹೋಗುತ್ತದೆ. ಇದೇ ಸ್ಪಿನ್ ಅಲೆ. ಹೀಗೊಂದು ಅಲೆ ಇರಲೇಬೇಕೆಂದು 1930ರಲ್ಲಿ ಲೆಕ್ಕದ ಬಲದ ಮೇಲೆ ಹೇಳಿದವನು ಫೆಲಿಕ್ಸ್ ಬ್ಲಾಖ್. ಆಗ ಅವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ನಮ್ಮಲ್ಲಿ ಆ ವಯಸ್ಸಿನ ಹುಡುಗರು ಪಿಎಸ್‌ಐ ಪರೀಕ್ಷೆಯ ಎರಡನೆಯ ಸುತ್ತಿಗೆ ತಯಾರಾಗುತ್ತಿರುತ್ತಾರೆ. ಅದೂ ಕಡಿಮೆ ಕಷ್ಟದ್ದಲ್ಲ ಅನ್ನಿ.

ಅಲೆ ಇದೆಯೆಂದು ಹೇಳುವುದು ಸುಲಭ, ತೋರಿಸುವುದು ಕಷ್ಟ. ಕೆನಡಾದ ಬರ್ಟ್ರಾಂ ಬ್ರಾಕ್‌ಹೌಸ್ 1957ರಲ್ಲಿ ಮ್ಯಾಗ್ನೆಟೈಟ್ ಅದಿರಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ ತೋರಿಸಿದರು. ನ್ಯೂಟ್ರಾನು ಹಾಯಿಸುವ ಆ ವಿದ್ಯೆಗೆ 1994ರಲ್ಲಿ ನೊಬೆಲ್ ಬಂತು. ಮ್ಯಾಗ್ನೆಟೈಟ್ ಎಂದರೆ ನಮ್ಮ ಕುದುರೆಮುಖದ ಅದಿರು. 2005ರ ಕೊನೆಯಲ್ಲಿ ಗಣಿ ನಿಲ್ಲುವ ತನಕ ಆ ಗುಡ್ಡದಿಂದ ಮಂಗಳೂರಿಗೆ ಕೊಳವೆಯಲ್ಲಿ ಹರಿದು ಹೋದ ಕರಿಮಣ್ಣಿನ ಕಣಕಣದಲ್ಲೂ ಈ ಅಲೆಗಳು ಏಳುತ್ತ ಬೀಳುತ್ತ ಇದ್ದವು. ಟನ್ನಿನ ಲೆಕ್ಕದಲ್ಲಿ ಮಾರಿದೆವು, ಅಲೆಗೆ ಬಿಲ್ಲು ಹಾಕಲಿಲ್ಲ.

ಈಗ ಪ್ರಯೋಗಾಲಯಗಳಲ್ಲಿ ಇವನ್ನು ನೋಡುವುದು ಲೇಸರ್ ಬೆಳಕಿನಿಂದ. ಅಲೆಗೆ ತಾಗಿ ಬಂದ ಬೆಳಕಿನ ಬಣ್ಣ ಕೂದಲೆಳೆಯಷ್ಟು ಬದಲಾಗಿರುತ್ತದೆ. ಆ ಬದಲಾವಣೆಯಿಂದ ಅಲೆಯ ಜಾತಕ ಬರೆಯುತ್ತಾರೆ. ಹೀಗೆ ಬೆಳಕು ವಸ್ತುವಿಗೆ ತಾಗಿ ಬಣ್ಣ ಬದಲಿಸುವ ವಿದ್ಯಮಾನಗಳಲ್ಲಿ ಒಂದನ್ನು 1928ರಲ್ಲಿ ಕಂಡು, 1933ರಲ್ಲಿ ಬೆಂಗಳೂರಿಗೆ ಬಂದು, ಅಲ್ಲೇ ಕೊನೆಯುಸಿರೆಳೆದವರು ಸಿ. ವಿ. ರಾಮನ್. ಸ್ಪಿನ್ ಅಲೆಯ ಒಂದೊಂದು ಕಂತಿಗೆ ಮ್ಯಾಗ್ನಾನ್ ಎಂದು ಹೆಸರು. ಅದರ ನಡವಳಿಕೆ ಸತ್ಯೇಂದ್ರನಾಥ ಬೋಸರು ಹಾಕಿಕೊಟ್ಟ ಎಣಿಕೆಯ ಪ್ರಕಾರ. ಬೋಸರ ಹೆಸರಿನ ಕೋಲ್ಕತ್ತಾದ ಕೇಂದ್ರದಲ್ಲಿ ಅಂಜನ್ ಬರ್ಮನ್ ಅವರ ತಂಡ ಇದೇ ಮ್ಯಾಗ್ನಾನುಗಳ ಬೆನ್ನುಬಿದ್ದಿದೆ. ಒಟ್ಟಿನಲ್ಲಿ ಇದು ನಮಗೆ ತೀರ ಪರಕೀಯ ನಂಟಲ್ಲ.

ಈಗ ಗೋಮೇದ. ನವರತ್ನದ ಗೋಮೇದ ಎಂಬುದು ಗಾರ್ನೆಟ್ ಕುಲದ ಹರಳು. 1956ರಲ್ಲಿ ಫ್ರಾನ್ಸಿನ ಗ್ರೆನೋಬಲ್ ಪಟ್ಟಣದಲ್ಲಿ ಬೆರ್ತೋ ಮತ್ತು ಫೋರಾ ಎಂಬಿಬ್ಬರು ಇಟ್ರಿಯಂ, ಕಬ್ಬಿಣ, ಆಮ್ಲಜನಕ ಸೇರಿದ ಒಂದು ಹರಳನ್ನು ಗುರುತಿಸಿದರು. ಅದರ ಪರಮಾಣುಗಳ ಜೋಡಣೆ ಗಾರ್ನೆಟ್ಟಿನದೇ. ಇಟ್ರಿಯಂ ಐರನ್ ಗಾರ್ನೆಟ್, ಬಲ್ಲವರ ಬಾಯಲ್ಲಿ ‘ಯಿಗ್’. ಎಂದರೆ ರಾಹುವಿನ ರತ್ನಕ್ಕೆ ಇದು ದಾಯಾದಿ. ಜಗತ್ತಿನ ಸ್ಪಿನ್ ಅಲೆಯವರೆಲ್ಲ ಈ ದಾಯಾದಿಯ ಕಾಲಿಗೆ ಬಿದ್ದಿದ್ದಾರೆ. ಪಂಚಾಂಗದವರಿಗೆ ಇದನ್ನು ಹೇಳಿದೆ. ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. “ನಾ ಹೇಳಿರಲಿಲ್ಲೇನ್ರಿ ಮಾಸ್ತರ? ಗೋಮೇದಕ್ಕೂ ನೆನಪಿಗೂ ಸಂಬಂಧ ಐತಿ ಅಂತ?” ಎಂದರು. ಫ್ರಾನ್ಸಿನವರು ತಡವಾಗಿ ಬಂದು ಅವರ ಮಾತಿಗೆ ಸಹಿ ಹಾಕಿದ್ದಾರೆ, ಅಷ್ಟೆ.

ಕಾಲಿಗೆ ಬೀಳಲು ಕಾರಣವುಂಟು. ನಮ್ಮ ತಾಲೂಕಿನ ಕಲಘಟಗಿ ತೊಟ್ಟಿಲು ನೋಡಿರಬೇಕು. ಬಣ್ಣ ಬಳಿದು ಚಿತ್ರ ಬರೆದ ಮರದ ತೊಟ್ಟಿಲು, ಮಗಳ ಬಾಣಂತನಕ್ಕೆ ದೂರದೂರದವರೂ ಬಂದು ಒಯ್ಯುತ್ತಾರೆ. ಒಳ್ಳೆಯ ತೊಟ್ಟಿಲಿನ ಪರೀಕ್ಷೆ ಚಿತ್ರದಲ್ಲಿಲ್ಲ, ತೂಗಿನಲ್ಲಿದೆ. ಒಂದು ಸಲ ಮೆತ್ತಗೆ ನೂಕಿದರೆ ತಾಯಿ ಹೋಗಿ ಹಾಲು ಇಳಿಸಿ ಬರುವತನಕ ಅದು ಓಲುತ್ತಿರಬೇಕು. ಕೀಲು ಬಿಗಿಯಾದ ತೊಟ್ಟಿಲು ನಾಲ್ಕು ತೂಗಿಗೆ ನಿಂತುಬಿಡುತ್ತದೆ, ಕೂಸು ಎದ್ದುಬಿಡುತ್ತದೆ. ಕಬ್ಬಿಣ, ನಿಕ್ಕಲ್‌ಗಳ ಮಿಶ್ರಲೋಹದಲ್ಲಿ ಸ್ಪಿನ್ ಅಲೆ ಹತ್ತಿಪ್ಪತ್ತು ಓಲಾಟಕ್ಕೆ ಸುಸ್ತಾದರೆ, ಯಿಗ್ ಹರಳಿನಲ್ಲಿ ಸಾವಿರಾರು ಸಲ ಓಲಿ ಆಮೇಲೆ ನಿಲ್ಲುತ್ತದೆ. ಸೆಕೆಂಡಿಗೆ ನೂರಾರು ಕೋಟಿ ಸಲ ಓಲುವ ಅಲೆಗೆ ಇದೂ ನಮ್ಮ ಲೆಕ್ಕದಲ್ಲಿ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಅದರ ಲೆಕ್ಕದಲ್ಲಿ ದೀರ್ಘಾಯುಷ್ಯ.

ಇದರಿಂದ ಲಾಭವೇನು? ಮೊದಲನೆಯದು, ಇಲ್ಲಿ ಎಲೆಕ್ಟ್ರಾನು ಎಲ್ಲಿಗೂ ಹೊರಡುವುದಿಲ್ಲ. ಮನೆಯಲ್ಲೇ ಕೂತು ಸುದ್ದಿ ದಾಟಿಸುತ್ತದೆ. ಹೊರಟು ನುಗ್ಗಾಡಿದಾಗ ಹುಟ್ಟುವ ಬಿಸಿ ಆದ್ದರಿಂದ ಇಲ್ಲ. ಇನ್ನು ಅಳತೆ. ಸೆಕೆಂಡಿಗೆ ಸಾವಿರ ಕೋಟಿ ಕಂಪನದ ರೇಡಿಯೊ ಅಲೆಗೆ ಮೂರು ಸೆಂಟಿಮೀಟರ್ ಉದ್ದ. ಅದೇ ಕಂಪನದ ಸ್ಪಿನ್ ಅಲೆಯನ್ನು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಮಾಡಬಹುದು, ಚಿಪ್ಪಿನೊಳಗೆ ಹಿಡಿಸಬಹುದು. ಎಲ್ಲಕ್ಕಿಂತ ಹೆಚ್ಚಿನದು ಅವುಗಳ ಬೆರೆಯುವ ಗುಣ. ಎರಡು ಅಲೆ ಎದುರಾದರೆ ಒಂದನ್ನೊಂದು ಕೂಡಿಕೊಳ್ಳುತ್ತವೆ, ಇಲ್ಲವೆ ಅಳಿಸಿಹಾಕುತ್ತವೆ. ಜೋರಾಗಿದ್ದರೆ ಒಂದೇ ಅಲೆ ಒಡೆದು ಎರಡಾಗುತ್ತದೆ, ಆ ಎರಡು ಮತ್ತೆ ಬೇರೆಯವುಗಳ ಉಸಾಬರಿಗೆ ಹೋಗುತ್ತವೆ. ಇಂಜಿನಿಯರು ಸಾವಿರಾರು ತಂತಿ ಎಳೆದು ಮಾಡಬೇಕಾದ ಜಾಲವನ್ನು ಇವು ತಂತಿಯಿಲ್ಲದೆ ತಾವೇ ನೇಯ್ದುಕೊಳ್ಳುತ್ತವೆ.

ನೇಯ್ದುಕೊಳ್ಳಲಿ, ಅದರಿಂದ ವಿಚಾರ ಹೇಗೆ ಹುಟ್ಟುತ್ತದೆ ಎಂದು ನಾನು ಫೋನಿನಲ್ಲಿ ಕೇಳಿದೆ. ಹುಡುಗ ಬಕೆಟ್ಟಿನ ಕಥೆ ಹೇಳಿದ. ಕಥೆಯಲ್ಲ, ನಡೆದದ್ದು. 2003ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಫರ್ನಾಂಡೊ ಮತ್ತು ಸೋಯಕ್ಕಾ ಎಂಬಿಬ್ಬರು ಒಂದು ತೊಟ್ಟಿಯಲ್ಲಿ ನೀರಿಟ್ಟು, ಅದರ ಅಂಚಿಗೆ ಪುಟ್ಟ ಮೋಟಾರುಗಳನ್ನು ಕಟ್ಟಿ, ‘ಒಂದು’, ‘ಸೊನ್ನೆ’ ಎಂದು ಹೇಳಿದ ಮಾತಿನ ಕಂಪನವನ್ನು ನೀರಿಗೆ ಕೊಟ್ಟರು. ನೀರ ಮೇಲೆದ್ದ ತೆರೆಗಳ ಚಿತ್ರ ತೆಗೆದು, ಅದನ್ನು ತೀರ ಸರಳವಾದ ಒಂದು ಲೆಕ್ಕಕ್ಕೆ ಒಪ್ಪಿಸಿದರು. ಯಾವ ಮಾತು ಒಂದು, ಯಾವುದು ಸೊನ್ನೆ ಎಂದು ಆ ಲೆಕ್ಕ ಬೇರ್ಪಡಿಸಿತು. ಅವರ ಲೇಖನದ ತಲೆಬರಹದಲ್ಲೇ ಬಕೆಟ್ಟು ಇದೆ. ನಮ್ಮ ಬಚ್ಚಲಲ್ಲಿ ಅಂಥ ಬುದ್ಧಿವಂತರು ಮೂರು ಮಂದಿ ಕೂತಿದ್ದಾರೆ, ಒಬ್ಬನಿಗೆ ಹಿಡಿಕೆ ಕಿತ್ತಿದೆ.

ಕಷ್ಟದ ಕೆಲಸವನ್ನೆಲ್ಲ ನೀರೇ ಮಾಡಿತ್ತು. ಮಾತಿನ ಮೊದಲ ತುಣುಕು ಎಬ್ಬಿಸಿದ ತೆರೆ ಇನ್ನೂ ಇರುವಾಗಲೇ ಎರಡನೆಯ ತುಣುಕಿನ ತೆರೆ ಬಂದು ಅದರಲ್ಲಿ ಬೆರೆಯುತ್ತದೆ. ಯಾವುದೇ ಗಳಿಗೆಯಲ್ಲಿ ನೀರ ಮೇಲ್ಮೈಯಲ್ಲಿ ಈಗಿನದೂ ಇದೆ, ಈಗಷ್ಟೇ ಆದದ್ದೂ ಇದೆ. ಒಳಗಿನ ಗದ್ದಲಕ್ಕೆ ಯಾರೂ ಕೈ ಹಾಕುವುದಿಲ್ಲ. ಕೊನೆಯಲ್ಲಿ ಅದನ್ನು ಓದುವವನಿಗೆ ಮಾತ್ರ ತರಬೇತಿ. ಜರ್ಮನಿಯ ಹರ್ಬರ್ಟ್ ಯೇಗರ್ 2001ರಲ್ಲಿ, ಆಸ್ಟ್ರಿಯಾದ ವುಲ್ಫ್‌ಗಾಂಗ್ ಮಾಸ್ ಮತ್ತು ಸಂಗಡಿಗರು 2002ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ಈ ದಾರಿಗೆ ರಿಸರ್ವಾಯರ್ ಕಂಪ್ಯೂಟಿಂಗ್ ಎಂದು ಹೆಸರಾಯಿತು. ಹುಬ್ಬಳ್ಳಿಗೆ ನೀರು ಕುಡಿಸಿದ ನೀರಸಾಗರ ಜಲಾಶಯ ನಮ್ಮ ತಾಲೂಕಿನಲ್ಲೇ ಇದೆ. ಅದಕ್ಕೆ ಇಷ್ಟು ದೊಡ್ಡ ವಿದ್ಯೆ ಗೊತ್ತಿದ್ದರೂ ಯಾರೂ ಕೇಳಲು ಹೋಗಿರಲಿಲ್ಲ.

ಈ ವಿದ್ಯೆಗೆ ಬೇಕಾದ ಅರ್ಹತೆಗಳಲ್ಲಿ ಒಂದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆ ನೀರು ಮರೆಯಬೇಕು. ಕಡ್ಡಾಯವಾಗಿ ಮರೆಯಬೇಕು. ನಿನ್ನೆಯ ತೆರೆ ಇಂದೂ ಏಳುತ್ತಿದ್ದರೆ, ಮೊನ್ನೆಯದೂ ಸೇರಿ, ಇವತ್ತಿನ ಮಾತು ಅದರಲ್ಲಿ ಮುಳುಗಿ ಹೋಗುತ್ತದೆ. ಎಲ್ಲ ಮಾತೂ ಒಂದೇ ರಾಡಿ. ಹಾಗೆಂದು ಕೂಡಲೇ ಮರೆತರೂ ಆಗದು. ದಪ್ಪಗಾದ ಎಣ್ಣೆಯಲ್ಲಿ ತೆರೆ ಏಳುವುದೇ ಇಲ್ಲ, ಮಾತಿನ ತುದಿ ಬರುವಷ್ಟರಲ್ಲಿ ಬುಡ ಹೋಗಿರುತ್ತದೆ. ಮಾತು ಎಷ್ಟು ಉದ್ದವೋ ಅಷ್ಟು ಹೊತ್ತು ನೆನಪಿಟ್ಟು, ಆಮೇಲೆ ಮೆಲ್ಲಗೆ ಬಿಟ್ಟುಕೊಡಬೇಕು. ಸ್ಪಿನ್ ಅಲೆಗೆ ಈ ಗುಣ ಹುಟ್ಟಿನಿಂದಲೇ ಬಂದಿದೆ. ಓಲುತ್ತದೆ, ಬೆರೆಯುತ್ತದೆ, ಕ್ಷೀಣವಾಗುತ್ತದೆ. ಇಲ್ಲಿಯತನಕ ಇಂಜಿನಿಯರುಗಳು ದೋಷವೆಂದು ಬೈದ ಆ ಕ್ಷೀಣವೇ ಇಲ್ಲಿ ಕೆಲಸಕ್ಕೆ ಬೇಕಾದ ಯೋಗ್ಯತೆ. ಈ ಪುಟವನ್ನು ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದೆ. “ಅದು ಮಾತು ಮುಗಿಯೂತನಾ ಆದರೂ ನೆನಪ ಇಟ್ಕೊಂತೈತಲ್ರಿ” ಎಂಬ ತೀರ್ಪು ಬಂತು.

ಜರ್ಮನಿಯ ಡ್ರೆಸ್ಡೆನ್ ಪ್ರಯೋಗಾಲಯದವರು 2023ರಲ್ಲಿ ಪ್ರಕಟಿಸಿದ ಕೆಲಸ ಈ ಜಾತಿಯದು. ನಿಕ್ಕಲ್ ಮತ್ತು ಕಬ್ಬಿಣ ಬೆರೆತ, ಸುಮಾರು 5 ಮೈಕ್ರೋಮೀಟರ್ ಅಗಲದ ಒಂದು ತಟ್ಟೆ. ತಲೆಗೂದಲಿನ ದಪ್ಪದಲ್ಲಿ ಅಂಥ ಹತ್ತು ತಟ್ಟೆ ಸಾಲಾಗಿ ಹಿಡಿಸುತ್ತವೆ. ಅದಕ್ಕೆ ಎರಡು ಬೇರೆಬೇರೆ ಕಂಪನದ ಸಂಕೇತಗಳನ್ನು ಒಂದರ ಹಿಂದೊಂದು ಕೊಟ್ಟರು. ಮೊದಲು ‘ಅ’ ಬಂದು ಆಮೇಲೆ ‘ಬ’ ಬಂದರೆ ತಟ್ಟೆಯೊಳಗೆ ಏಳುವ ಅಲೆಗಳ ಗುಂಪೇ ಬೇರೆ. ‘ಬ’ ಮೊದಲಾದರೆ ಬೇರೆ. ಎಂದರೆ ಏನು ಬಂತು ಎಂಬುದರ ಜೊತೆಗೆ ಯಾವುದು ಮೊದಲು ಬಂತು ಎಂಬುದೂ ಅದಕ್ಕೆ ತಿಳಿಯುತ್ತದೆ. ಸಂಸಾರದ ಜಗಳಗಳಲ್ಲಿ ಕೊನೆಯತನಕ ಇತ್ಯರ್ಥವಾಗದ ಪ್ರಶ್ನೆ ಇದೊಂದೇ: ಮೊದಲು ಅಂದವರು ಯಾರು? ಆಡಿದ ಮಾತಿನ ಬಗ್ಗೆ ಇಬ್ಬರಿಗೂ ತಕರಾರಿರುವುದಿಲ್ಲ, ಅನುಕ್ರಮದ ಬಗ್ಗೆ ಮಾತ್ರ. ಈ ತಟ್ಟೆ ಅಗ್ಗವಾದರೆ ಮನೆಗೊಂದು ತರಬಹುದು. ಆದರೆ ತರಲು ಗಂಡಸರು ಮುಂದಾಗುವುದು ಅನುಮಾನ.

2021ರಲ್ಲಿ ಪಾಪ್, ಪೋರೋಡ್, ಚಾಬಾ ಎಂಬ ಮೂವರು ಸ್ಪಿನ್ ಅಲೆಯ ಒಂದು ಪೊರೆ ಸ್ವರಗಳನ್ನು ಗುರುತಿಸುವ ಬಗೆಯನ್ನು ಕಂಪ್ಯೂಟರಿನ ಅನುಕರಣೆಯಲ್ಲಿ ತೋರಿಸಿದರು. ಸ್ವರ ಹೊತ್ತ ಅಲೆ ಒಂದು ಕಡೆಯಿಂದ ಒಳಹೊಕ್ಕು, ನಡುವೆ ಬೇಕೆಂದೇ ಇಟ್ಟ ಅಡ್ಡಿಗಳಿಗೆ ಬಡಿದು ಚೆದುರಿ, ಸ್ವರಕ್ಕೆ ತಕ್ಕಂತೆ ಒಂದೊಂದು ಮೂಲೆಯಲ್ಲಿ ಜಮಾಯಿಸುತ್ತದೆ. ನನಗೆ ಒಂದು ಕಾಳಜಿ. ಅವರು ಕೊಟ್ಟದ್ದು ಇಂಗ್ಲಿಷಿನ ಸ್ವರಗಳು. ನಮ್ಮ ಕಡೆ ‘ಬೇರೆ’ ಎಂಬುದನ್ನು ‘ಬ್ಯಾರೆ’ ಎಂದೂ ‘ಹೋದ’ ಎಂಬುದನ್ನು ‘ಹ್ವಾದ’ ಎಂದೂ ಅನ್ನುವಾಗ ನಡುವೆ ಹುಟ್ಟುವ ಸ್ವರಗಳು ವರ್ಣಮಾಲೆಗೇ ಸಿಕ್ಕಿಲ್ಲ. ಪೊರೆಗೆ ಇನ್ನಷ್ಟು ಮೂಲೆ ಕೊರೆಯಬೇಕಾದೀತು.

ಮರೆವಿಗೆ ವಿಜ್ಞಾನದ ಈ ಸರ್ಟಿಫಿಕೇಟು ಸಿಕ್ಕ ಮೇಲೆ ಊರನ್ನೇ ಬೇರೆ ಕಣ್ಣಿನಿಂದ ನೋಡತೊಡಗಿದೆ. ನಮ್ಮಲ್ಲಿ ಎರಡು ಮನೆತನಗಳ ನಡುವೆ ಒಂದು ಬದುವಿನ ವ್ಯಾಜ್ಯವಿತ್ತು. ಅಜ್ಜಂದಿರು ಜಗಳಾಡಿದರು, ಮಕ್ಕಳು ಕೋರ್ಟಿಗೆ ಹೋದರು. ಮೊಮ್ಮಕ್ಕಳ ಕಾಲಕ್ಕೆ ಬದು ಎಲ್ಲಿತ್ತು ಎಂಬುದೇ ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಒಂದು ಮಳೆಗಾಲದಲ್ಲಿ ಇಬ್ಬರೂ ಸೇರಿ ಒಂದೇ ಟ್ರ್ಯಾಕ್ಟರು ಬಾಡಿಗೆಗೆ ತಂದು ಉತ್ತರು. ಈಗ ಒಬ್ಬರ ಕಾರ್ಯಕ್ಕೆ ಇನ್ನೊಬ್ಬರ ಮನೆಯಿಂದ ಪಾತ್ರೆ ಬರುತ್ತದೆ. ಆ ಬದುವನ್ನು ಯಾರಾದರೂ ಅಂಗುಲ ಬಿಡದೆ ನೆನಪಿಟ್ಟಿದ್ದರೆ ಇನ್ನೊಂದು ತಲೆಮಾರು ವಕೀಲರ ಮನೆ ಮೆಟ್ಟಿಲು ಸವೆಸುತ್ತಿತ್ತು. ಮರೆತದ್ದು ಯಾರೊಬ್ಬರ ದೊಡ್ಡಗುಣವೂ ಅಲ್ಲ. ತಾನಾಗಿ ಇಳಿಯಿತು, ಅಷ್ಟೆ. ತೀರ ಬೇಗ ಮರೆತದ್ದಕ್ಕೂ ಉದಾಹರಣೆ ಇದೆ: ಚುನಾವಣೆಯಲ್ಲಿ ಹೇಳಿದ ಮಾತು ಎಣಿಕೆ ದಿನದತನಕವೂ ಬಾಳುವುದಿಲ್ಲ.

ಇಂಥ ಭೌತಶಾಸ್ತ್ರ ಕಲಿಯುವ ಜಾಗ ಈಗ ನಮ್ಮ ಮಗ್ಗುಲಲ್ಲೇ ಇದೆ. ಧಾರವಾಡದ ಐಐಟಿ 2016ರಲ್ಲಿ ಶುರುವಾಯಿತು. ಚಿಕ್ಕಮಲ್ಲಿಗವಾಡದ ಸ್ವಂತ ಆವರಣವನ್ನು ಪ್ರಧಾನಿಯವರು 2023ರ ಮಾರ್ಚ್ 12ರಂದು ಉದ್ಘಾಟಿಸಿದರು. ಅದೇ ದಿನ ಹುಬ್ಬಳ್ಳಿಯ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮೂ ಉದ್ಘಾಟನೆಯಾಯಿತು. ನಮ್ಮೂರಿನವರು ಪ್ಲಾಟ್‌ಫಾರ್ಮು ನೋಡಿ ಬಂದರು. ಕೆಲವರು ಎರಡೆರಡು ಸಲ. ಐಐಟಿ ನೋಡಲು ಹೋದವರು ನನಗೆ ಇನ್ನೂ ಸಿಕ್ಕಿಲ್ಲ. ಉದ್ದ ಕಣ್ಣಿಗೆ ಕಾಣುತ್ತದೆ, ಭೌತಶಾಸ್ತ್ರ ಕಾಣುವುದಿಲ್ಲ. ಯಾರನ್ನೂ ದೂರಿ ಫಲವಿಲ್ಲ.

ಇಷ್ಟೆಲ್ಲ ಕೇಳಿ, ಹಾಗಾದರೆ ಈ ಮರೆಯುವ ಯಂತ್ರ ಎಂದು ಬರುತ್ತದೆ ಎಂದು ಎದುರುಮನೆಯ ಅಜ್ಜ ಇಸ್ಪೀಟು ಕಲಸುತ್ತ ಕೇಳಿದ. ತೊಡಕು ಇರುವುದು ಅಲೆಯಲ್ಲಿ ಅಲ್ಲ. ಅಲೆಯನ್ನು ಎಬ್ಬಿಸುವುದರಲ್ಲಿ, ಆಮೇಲೆ ಅದನ್ನು ಓದುವುದರಲ್ಲಿ. ಎಬ್ಬಿಸಲು ಸಣ್ಣ ಆಂಟೆನಾಗೆ ವಿದ್ಯುತ್ತು ಕೊಡಬೇಕು. ಕೊಟ್ಟದ್ದರಲ್ಲಿ ಅಲೆಗೆ ಸೇರುವುದು ಚೂರು, ಉಳಿದದ್ದು ಅಲ್ಲೇ ವ್ಯರ್ಥ. ಎಲೆಕ್ಟ್ರಾನಿನ ಬಿಸಿ ತಪ್ಪಿಸಲು ಹೊರಟವರು ಬಾಗಿಲಲ್ಲೇ ಅದಕ್ಕೆ ಸುಂಕ ಕಟ್ಟಬೇಕಾಗಿದೆ. ಓದಲು ಡ್ರೆಸ್ಡೆನ್ನಿನವರು ಬಳಸಿದ್ದು ಲೇಸರು ಸೂಕ್ಷ್ಮದರ್ಶಕ. ಐದು ಮೈಕ್ರೋಮೀಟರಿನ ತಟ್ಟೆಗೆ ಮೇಜು ತುಂಬುವ ಸರಂಜಾಮು. ಇನ್ನು ಯಿಗ್ ಪೊರೆಯನ್ನು ಚೆನ್ನಾಗಿ ಬೆಳೆಸಬೇಕೆಂದರೆ ಇನ್ನೊಂದು ಗಾರ್ನೆಟ್ಟಿನ ಹಾಸೇ ಬೇಕು. ಚಿಪ್ಪಿನ ಕಾರ್ಖಾನೆಗಳಲ್ಲಿರುವ ಸಿಲಿಕಾನಿನ ಮೇಲೆ ಅದು ಸಲೀಸಾಗಿ ಬೆಳೆಯುವುದಿಲ್ಲ. ಬರೆದವರೆಲ್ಲ ಮುಂದಿನ ದಶಕ ತಮ್ಮದೇ ಎನ್ನುತ್ತಾರೆ. ನಾನಾದರೆ, ಬೆಂಗಳೂರಿನ ಅಣುಪೊರೆಯಂಥವು ಮೊದಲು ಪೇಟೆ ಮುಟ್ಟುತ್ತವೆ, ಸ್ಪಿನ್ ಅಲೆ ಬಹಳ ಹಿಂದೆ ಬರುತ್ತದೆ ಎಂದೇ ಪಣ ಕಟ್ಟುವೆ. ಅಜ್ಜ ಪಣವೆಂದ ಕೂಡಲೇ ಐದು ರೂಪಾಯಿ ತೆಗೆದಿಟ್ಟ.

ಆದರೂ ಈ ಭಾಗದಲ್ಲಿ ಬಿ.ಎಸ್‌ಸಿ.ಗೆ ಭೌತಶಾಸ್ತ್ರ ತೆಗೆದುಕೊಂಡು, ಮುಂದೇನು ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ಕಡಿಮೆ ಖರ್ಚಿನಲ್ಲಿ ಸ್ಪಿನ್ ಅಲೆ ಎಬ್ಬಿಸಿ, ಕಡಿಮೆ ಖರ್ಚಿನಲ್ಲಿ ಅದನ್ನು ಓದುವ ಕೆಲಸ ಇನ್ನೂ ಯಾರಿಗೂ ಒಗ್ಗಿಲ್ಲ. ಜಾಗ ಖಾಲಿ ಇದೆ, ಅರ್ಜಿಗೆ ಕೊನೆಯ ದಿನಾಂಕವಿಲ್ಲ. ಚಿಕ್ಕಮಲ್ಲಿಗವಾಡಕ್ಕೆ ಒಂದು ದಿನ ಹೋಗಿ ಬನ್ನಿ. ಪ್ಲಾಟ್‌ಫಾರ್ಮನ್ನು ಬರುವಾಗ ನೋಡಿದರಾಯಿತು.